ಅತ್ತಿಹಣ್ಣಿನೊಳಗೆ ಹುಳ ಹೇಗೆ ಸೇರುತ್ತದೆ? ಮಗಳಿಗೆ ತೋರಿಸೋಕೆ ಒಳ್ಳೆ ಆ್ಯಪ್ ಇದೆಯಾ?

ಹುಳ ಒಳಗೆ ಹೇಗೆ ಹೋಯಿತು, ಅತ್ತಿಮರದ ಹೂ ಯಾಕೆ ಕಾಣಲ್ಲ ಅಂತ ನಿಮ್ಮ ಮಗಳು ಕೇಳಿದ್ದಾಳಲ್ವಾ, ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಹೂ ಇರುವುದು ಕಾಯಿಯ ಒಳಗೇ.

ಒಂದು ಹಸಿರು ಕಾಯಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಹಾಲು ಸೋರಿ ಕೈ ಅಂಟಂಟಾಗುತ್ತದೆ, ಒರೆಸಿಕೊಂಡು ನೋಡಿ: ಒಳಗೋಡೆಯ ತುಂಬ ಪುಟಾಣಿ ಹೂಗಳು ಒತ್ತೊತ್ತಾಗಿ ನಿಂತಿರುತ್ತವೆ. ತೊಟ್ಟಿನ ಎದುರು ತುದಿಯಲ್ಲಿ ಒಂದು ಕಿಂಡಿ. ನಿಮ್ಮ ಮಗಳು ಕೇಳಿದ ಹುಳ ಅಂದರೆ ಪುಟ್ಟ ಕಣಜ; ಹೆಣ್ಣು ಕಣಜ ಅದರಲ್ಲಿ ತೂರಿಕೊಂಡು ಬರುತ್ತದೆ, ಕಿಂಡಿ ಎಷ್ಟು ಬಿಗಿ ಅಂದರೆ ರೆಕ್ಕೆ ಅಲ್ಲೇ ಕಿತ್ತುಹೋಗುತ್ತದೆ. ತಂದ ಪರಾಗವನ್ನು ಹೂಗಳಿಗೆ ಸೋಕಿಸಿ, ಕೆಲವು ಹೂಗಳಲ್ಲಿ ಮೊಟ್ಟೆ ಇಟ್ಟು, ಒಳಗೇ ಸಾಯುತ್ತದೆ. ಮರಿಗಳಲ್ಲಿ ಮೊದಲು ಹೊರಬರುವುದು ಗಂಡು, ಅವಕ್ಕೆ ರೆಕ್ಕೆಯೇ ಇಲ್ಲ. ಹೆಣ್ಣುಗಳ ಜೊತೆ ಮಿಲನವಾದ ಮೇಲೆ ಗಂಡುಗಳೇ ಕಾಯಿಯ ಗೋಡೆ ಕೊರೆದು ದಾರಿ ಮಾಡುತ್ತವೆ. ಹೆಣ್ಣುಗಳು ಹೊಸ ಪರಾಗ ಹೊತ್ತು ಆ ದಾರಿಯಲ್ಲಿ ಹಾರಿಹೋಗುತ್ತವೆ. ಈ ಕಣಜ ಬಾರದಿದ್ದರೆ ಅತ್ತಿಗೆ ಬೀಜವೇ ಇಲ್ಲ.

ಕಾಯಿಯ ಹೊರಗೆ ಕೂತು ಮೊಟ್ಟೆ ಇಡೋಕೆ ಉದ್ದನೆಯ ಸೂಜಿಯಂಥ ಕೊಳವೆ ಚುಚ್ಚುವ ಕಣಜಗಳೂ ಇವೆ, ಪರಾಗದ ಕೆಲಸ ಮಾಡದ ಕಳ್ಳರು ಅವು! ಅಂಥ ಒಂದು ಕಣಜದ ಕೊಳವೆ ನಮ್ಮ ಕೂದಲಿಗಿಂತ ತೆಳು, ತುದಿಯ ಹಲ್ಲುಗಳಲ್ಲಿ ಸತು ಇದೆ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು (ಐಐಎಸ್‌ಸಿ) 2014ರಲ್ಲಿ ತೋರಿಸಿದರು.

ಇನ್ನು ಆ್ಯಪ್. ದುಡ್ಡು ಕೊಟ್ಟು ತ್ರೀಡಿ ಆ್ಯಪ್ ಕೊಳ್ಳಬೇಡಿ, ಅದರಲ್ಲಿ ಅತ್ತಿಕಾಯಿ ಸಿಗೋದು ಡೌಟು. ಸೀಕ್ ಅಂತ ಒಂದು ಉಚಿತ ಆ್ಯಪ್ ಇದೆ, ಫೋಟೊ ನೋಡಿ ಅದು ಯಾವ ಗಿಡ, ಯಾವ ಜೀವಿ ಅಂತ ಹೇಳುತ್ತದೆ. ಜನ ತಾವು ಕಂಡ ಗಿಡ, ಪ್ರಾಣಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ತಾಣದವರದ್ದು, ಅಕೌಂಟ್ ಬೇಕಿಲ್ಲ, ಹಾಗಾಗಿ ಮಕ್ಕಳ ಕೈಗೆ ಧೈರ್ಯವಾಗಿ ಕೊಡಬಹುದು. ಆದರೆ ಬರೀ ಎಲೆಯ ಫೋಟೊ ತೆಗೆದರೆ ಅತ್ತಿ, ಗೋಣಿ, ಬಸರಿ ಎಲ್ಲವನ್ನೂ ಕಲಸಿಬಿಡುವ ಸಾಧ್ಯತೆ ಇದೆ. ಕಾಂಡಕ್ಕೇ ಗೊಂಚಲು ಗೊಂಚಲಾಗಿ ಕಾಯಿ ಅಂಟಿಕೊಂಡಿರುವುದು ಫೋಟೊದಲ್ಲಿ ಬರಲಿ. ಆಮೇಲೆ ಐಐಎಸ್‌ಸಿಯ ಕರ್ನಾಟಕದ ಸಸ್ಯಗಳ ವೆಬ್‌ಸೈಟಿನಲ್ಲಿ ಅತ್ತಿಯ ವೈಜ್ಞಾನಿಕ ಹೆಸರು ಫೈಕಸ್ ರೆಸಿಮೋಸ ಅಂತ ಹುಡುಕಿ ತಾಳೆ ನೋಡಲಿ.

ಕಣಜ ತೀರಾ ಚಿಕ್ಕದು. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ ಸಾಕಾಗುತ್ತದೆ. ಆಸಕ್ತಿ ಜಾಸ್ತಿ ಇದ್ದರೆ ಫೋಲ್ಡ್‌ಸ್ಕೋಪ್ ತರಿಸಿ, ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕ, 140 ಪಟ್ಟು ದೊಡ್ಡದಾಗಿ ಕಾಣಿಸುತ್ತದೆ. ಕೆಂಪಾಗುತ್ತಿರುವ ಕಾಯಿಯನ್ನು ಬೆಳಗ್ಗೆ ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿಟ್ಟು, ವಿಡಿಯೊ ಆನ್ ಮಾಡಿ ಕಾಯಲಿ. ಮುಚ್ಚಳ ತೆಗೆದಿಟ್ಟರೆ ಮನೆ ತುಂಬ ಕಣಜ, ಹೇಳಿದ್ದೀನಿ.

ಅಂಗಡಿಯ ಅಂಜೂರದಲ್ಲೂ ಹೀಗೇನಾ ಅಂತ ಅವಳು ಕೇಳೇ ಕೇಳುತ್ತಾಳೆ. ನಮ್ಮಲ್ಲಿ ಬೆಳೆಯುವ ಪೂನಾ ಅಂಜೂರ ಪರಾಗಸ್ಪರ್ಶ ಇಲ್ಲದೆಯೇ ಹಣ್ಣಾಗುತ್ತದೆ, ಕಣಜದ ಹಂಗಿಲ್ಲ, ತಿನ್ನಲಿ ಬಿಡಿ.