ಸೆರೊಟೋನಿನ್‌ಗೆ ರಕ್ತ ಪರೀಕ್ಷೆ ಮಾಡಿಸಬೇಕೇ?

ಪ್ರಶ್ನೆ: ನನ್ನ ಅಕ್ಕನಿಗೆ 34 ವರ್ಷ. ಮೂರು ತಿಂಗಳಿಂದ ಯಾವುದರಲ್ಲೂ ಆಸಕ್ತಿಯಿಲ್ಲ, ನಸುಕಿನ ನಾಲ್ಕಕ್ಕೇ ಎಚ್ಚರವಾಗುತ್ತದೆ. ಮನೋವೈದ್ಯರು ಖಿನ್ನತೆ ಎಂದು ಎಸಿಟಲೋಪ್ರಾಮ್ ಮಾತ್ರೆ ಕೊಟ್ಟಿದ್ದಾರೆ. ಎಂಟು ದಿನವಾದರೂ ಗುಣ ಕಂಡಿಲ್ಲ, ಹೊಟ್ಟೆ ಬೇರೆ ತೊಳೆಸುತ್ತದಂತೆ. ಸೆರೊಟೋನಿನ್ ಎಷ್ಟು ಕಮ್ಮಿಯಾಗಿದೆ ಎಂದು ರಕ್ತದಲ್ಲಿ ಗೊತ್ತಾಗುತ್ತದೆಯೇ? ಬಾಳೆಹಣ್ಣಿನಲ್ಲಿ ಅದು ಇದೆಯಂತೆ, ಮಾತ್ರೆ ಬಿಡಿಸಿ ಅದನ್ನೇ ಕೊಟ್ಟರೆ ಸಾಲದೇ?

ಉತ್ತರ: ಆ ಪರೀಕ್ಷೆಗೆ ದುಡ್ಡು ಹಾಕಬೇಡಿ. ಸೆರೊಟೋನಿನ್ ಎಂದರೆ ನರಕೋಶಗಳ ನಡುವೆ ಸಂದೇಶ ಸಾಗಿಸುವ ಒಂದು ರಾಸಾಯನಿಕ. ದೇಹದ ಸೆರೊಟೋನಿನ್‌ನಲ್ಲಿ ಶೇ 90ರಷ್ಟು ತಯಾರಾಗುವುದು ಕರುಳಿನಲ್ಲಿ. ರಕ್ತದಲ್ಲಿ ಸಿಗುವುದು ಪ್ಲೇಟ್‌ಲೆಟ್‌ಗಳು ಅಲ್ಲಿಂದ ಹೊತ್ತು ತಂದದ್ದು. ಮಿದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ, ಹೊರಗಿನದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಾಳೆಹಣ್ಣಿನದ್ದೂ ಅಷ್ಟೇ. ಹಣ್ಣು ಕೊಡಿ, ಮಾತ್ರೆಯ ಬದಲಿಗಲ್ಲ. ರಕ್ತ ಕೊಡುವುದೇ ಆದರೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಿ.

'ಕಮ್ಮಿಯಾಗಿದೆ' ಎಂಬ ಮಾತು ಹುಟ್ಟಿದ್ದರಲ್ಲಿ ನಮ್ಮ ಸರ್ಪಗಂಧಕ್ಕೂ ಪಾಲಿದೆ. ಅದರ ಬೇರಿನಿಂದ ತೆಗೆದ ರೆಸರ್ಪಿನ್ ಅನ್ನು 1950ರ ದಶಕದಲ್ಲಿ ಬಿ.ಪಿ.ಗೆ ಕೊಡುತ್ತಿದ್ದರು. ಕೆಲವರು ಮಂಕಾದರು, ಅದು ಮಿದುಳಿನ ಸೆರೊಟೋನಿನ್ ಬರಿದು ಮಾಡುತ್ತದೆಂದೂ ತಿಳಿಯಿತು. ಅದೇ ಕಾಲದಲ್ಲಿ ಕ್ಷಯಕ್ಕೆಂದು ಕೊಟ್ಟ ಐಪ್ರೊನಿಯಾಜಿಡ್ ರೋಗಿಗಳನ್ನು ಗೆಲುವಾಗಿಸಿತು. ಅದು ಸೆರೊಟೋನಿನ್ ಒಡೆಯುವ ಕಿಣ್ವವನ್ನೇ ತಡೆಯುತ್ತಿತ್ತು. ಎರಡನ್ನೂ ಕೂಡಿಸಿ 'ಕೊರತೆಯೇ ಖಿನ್ನತೆ' ಎಂಬ ಲೆಕ್ಕ ಹಾಕಿದರು. ಐದು ನಿಮಿಷದ ಓಪಿಡಿಯಲ್ಲಿ ವಿವರಿಸಲು ಸುಲಭವೆಂದು ನಾವು ವೈದ್ಯರೂ ಅದನ್ನೇ ಹೇಳುತ್ತಾ ಬಂದೆವು. 2022ರಲ್ಲಿ ಲಂಡನ್ನಿನ ಮನೋವೈದ್ಯೆ ಜೊವಾನ್ನಾ ಮಾಂಕ್ರೀಫ್ ಅವರ ತಂಡ ಹಳೆಯ ಅಧ್ಯಯನಗಳನ್ನು ಜಾಲಾಡಿ, ಇದಕ್ಕೆ ಗಟ್ಟಿ ಪುರಾವೆ ಇಲ್ಲ ಎಂದಿತು. ಆ ಮಾತಿಗೆ ಆಕ್ಷೇಪಗಳೂ ಬಂದವು. ಬರೀ ಕೊರತೆಯ ಕಥೆಯನ್ನು ಮಾತ್ರ ಈಗ ಹೆಚ್ಚಿನವರು ಒಪ್ಪುವುದಿಲ್ಲ.

ಹಾಗೆಂದು ಮಾತ್ರೆ ಸುಳ್ಳಲ್ಲ. 2018ರಲ್ಲಿ 522 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗ 21 ಖಿನ್ನತೆ ಔಷಧಗಳೂ ಮದ್ದಿಲ್ಲದ ಹುಸಿಮಾತ್ರೆಗಿಂತ ಮೇಲೆ ನಿಂತವು, ಸರಾಸರಿ ಲಾಭ ಸಾಧಾರಣವೇ ಆದರೂ. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ನರಕೋಶಗಳ ನಡುವೆ ಸೆರೊಟೋನಿನ್ ಹೆಚ್ಚಾಗತೊಡಗುತ್ತದೆ. ಮನಸ್ಸು ಹಗುರಾಗಲು ಮಾತ್ರ ಎರಡರಿಂದ ನಾಲ್ಕು ವಾರ ಬೇಕು. ಕೊರತೆಯೊಂದೇ ಕಾರಣವಾಗಿದ್ದರೆ ಇಷ್ಟು ತಡವೇಕೆ?

ಹೊಟ್ಟೆ ತೊಳೆಸುವುದರಲ್ಲಿ ಆ ಕರುಳಿನ ಸೆರೊಟೋನಿನ್ನಿನ ಕೈವಾಡವೂ ಇದೆ. ಊಟದ ಮೇಲೆ ಕೊಡಿ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಗ್ಗುತ್ತದೆ. ನಿಲ್ಲಿಸಬೇಕೆನಿಸಿದರೆ ವೈದ್ಯರನ್ನು ಕೇಳಿ. ವಾರಗಟ್ಟಲೆ ತೆಗೆದುಕೊಂಡ ಮೇಲೆ ದಿಢೀರನೆ ಬಿಟ್ಟರೆ ತಲೆಸುತ್ತು, ತಲೆಯಲ್ಲಿ ಕರೆಂಟ್ ಹೊಡೆದಂಥ ಜುಮ್ಮು ಬರಬಹುದು. ಸಾಯುವ ಮಾತೇನಾದರೂ ಆಡಿದರೆ ಕಾಯಬೇಡಿ, ಒಬ್ಬಳೇ ಇರಲು ಬಿಡಬೇಡಿ. ವೈದ್ಯರ ಬಳಿ ಕರೆದೊಯ್ಯಿರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಕರೆ ಮಾಡಬಹುದು.

ಎಚ್ಚರವಾಗುವ ಹೊತ್ತನ್ನು ದಿನಾ ಕ್ಯಾಲೆಂಡರಿನಲ್ಲಿ ಬರೆದಿಡಿ. ನಾಲ್ಕು ಗಂಟೆ ಐದರತ್ತ ಸರಿದರೆ, ಅಕ್ಕನಿಗಿಂತ ಮೊದಲು ನಿಮಗೇ ಗೊತ್ತಾದೀತು.