ಟುಲೂಸಿನಿಂದ ಸಮುದ್ರದವರೆಗೆ ಕಾಲುವೆ ದಂಡೆಯಲ್ಲಿ ಸೈಕಲ್: ಮೊದಲು ಟೈರಿನ ಗಾಳಿ ಇಳಿಸಿ

ದಕ್ಷಿಣ ಫ್ರಾನ್ಸಿನ ಟುಲೂಸಿನಿಂದ ಸಮುದ್ರದವರೆಗೆ ಕನಾಲ್ ದ್ಯು ಮಿದಿ ಎಂಬ ಕಾಲುವೆಯ ದಂಡೆಯಲ್ಲೇ ಸೈಕಲ್ ತುಳಿಯುವ ಯೋಚನೆ ಹೇಳಿ, ಆ ದಾರಿಯಲ್ಲಿ ನಿಜಕ್ಕೂ ವಾಹನವಿಲ್ಲವೇ ಎಂದು ನೀವು ಇಲ್ಲಿ ಕೇಳಿದ್ದೀರಿ. “28 ಮಿಲಿಮೀಟರ್ ಟೈರು, ದಿನಕ್ಕೆ 80 ಕಿಲೋಮೀಟರ್, ವಾಹನವೇ ಇಲ್ಲದ ಜಲ್ಲಿ ದಾರಿ, ಹೇಗೂ ಸಮತಟ್ಟು” ಎಂದು ನೀವು ಬರೆದದ್ದನ್ನು ಓದಿದಾಗ ನನ್ನ ಬಲಗೈಯ ಕಿರುಬೆರಳು ಜುಮ್ಮೆಂದಿತು. 2018ರ ಆಗಸ್ಟ್ ಕೊನೆಯಲ್ಲಿ ಇದೇ ಲೆಕ್ಕ ಹಾಕಿಕೊಂಡು ನಾನು ಟುಲೂಸಿನಿಂದ ಹೊರಟಿದ್ದೆ. ಸಮುದ್ರ ಮುಟ್ಟಲಿಲ್ಲ.

ನಾನು ಮಂಡ್ಯದ ಕಡೆಯವಳು, ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಸೈಕಲ್ ತುಳಿದು ಹೈಸ್ಕೂಲಿಗೆ ಹೋದವಳು. ನೀರಿನ ಪಕ್ಕದ ದಾರಿ ನನಗೆ ಹೊಸದಲ್ಲ ಎಂಬ ಧೈರ್ಯವಿತ್ತು. ಟುಲೂಸಿನಲ್ಲಿ ಕೆಲಸದಲ್ಲಿರುವ ತಂಗಿ ಜೊತೆಗೆ ಬರುತ್ತೇನೆಂದಳು. ನನ್ನದು ಬೆಂಗಳೂರಿನಿಂದ ಪೆಟ್ಟಿಗೆಯಲ್ಲಿ ಕಟ್ಟಿ ತಂದ ರಸ್ತೆ ಸೈಕಲ್. ಅವಳದು ತರಕಾರಿ ತರಲು ಬಳಸುವ ದಪ್ಪ ಟೈರಿನ ಹಳೆಯ ಸೈಕಲ್. ಅವಳೇ ಹಿಂದೆ ಬೀಳುತ್ತಾಳೆ ಎಂದು ನಾನು ಅಂದುಕೊಂಡಿದ್ದೆ.

ಕನಾಲ್ ದ್ಯು ಮಿದಿ ಟುಲೂಸಿನಿಂದ ಮೆಡಿಟರೇನಿಯನ್ ಅಂಚಿನ ತೋ ಸರೋವರದವರೆಗೆ ಸುಮಾರು 240 ಕಿಲೋಮೀಟರ್ ಹರಿಯುತ್ತದೆ. 1666ರಲ್ಲಿ ಆರಂಭಿಸಿ 1681ರಲ್ಲಿ ಮುಗಿಸಿದ ಕಾಲುವೆ. ಕಟ್ಟಿಸಿದ ಪಿಯೆರ್ ಪೋಲ್ ರಿಕೆ ಅದು ಮುಗಿಯುವ ಮೊದಲೇ, 1680ರಲ್ಲಿ ತೀರಿಕೊಂಡ. ಟುಲೂಸಿನಿಂದ ಮೊದಲ 50 ಕಿಲೋಮೀಟರಿನಷ್ಟು ದಾರಿಗೆ ಡಾಂಬರಿದೆ. ನನ್ನನ್ನು ಕೆಡಿಸಿದ್ದೇ ಆ ಡಾಂಬರು. ಗಟ್ಟಿ ಟೈರು ಅದರ ಮೇಲೆ ಹಾಡುತ್ತಾ ಓಡಿತು, ನನ್ನ ತಯಾರಿಯೆಲ್ಲ ಸರಿಯಾಗಿದೆ ಎಂಬ ನಂಬಿಕೆ ಬಲವಾಯಿತು. ಓದ್ ಜಿಲ್ಲೆಯ ಗಡಿ ದಾಟಿದ ಮೇಲೆ ಡಾಂಬರು ಮುಗಿದು ಜಲ್ಲಿ, ಆಮೇಲೆ ಬರೀ ಮಣ್ಣು, ಮಣ್ಣಿನಲ್ಲಿ ಪ್ಲೇನ್ ಎಂಬ ದೊಡ್ಡ ನೆರಳು ಮರಗಳ ಬೇರು. ದಂಡೆಯುದ್ದಕ್ಕೂ ಸುಮಾರು 42,000 ಪ್ಲೇನ್ ಮರಗಳಿದ್ದವು. 2006ರಲ್ಲಿ ಒಂದು ಶಿಲೀಂಧ್ರ ರೋಗ ಕಾಣಿಸಿಕೊಂಡ ಮೇಲೆ ಸಾವಿರಾರು ಮರಗಳನ್ನು ಕಡಿದಿದ್ದಾರೆ. ಚಿತ್ರಗಳಲ್ಲಿ ನೀವು ನೋಡಿರುವ ಹಸಿರು ಚಪ್ಪರ ಹಲವು ಕಡೆ ಈಗಿಲ್ಲ. ಕೆಲವು ಮೈಲಿ ನೆತ್ತಿಯ ಮೇಲೆ ಬಿಸಿಲು, ಮರ ಉಳಿದ ಕಡೆ ಚಕ್ರದ ಕೆಳಗೆ ಬೇರು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಈ ಭಾಗವನ್ನು ಮಾತ್ರ ನಿಧಾನವಾಗಿ ಓದಿ.

ಬೆಂಗಳೂರಿನ ಒಂದು ಅಂಗಡಿಯಲ್ಲಿ ಸೈಕಲ್ ಕೊಂಡಾಗ “ಟೈರು ಕಲ್ಲಿನಂತಿರಲಿ, ವೇಗವೂ ಹೆಚ್ಚು, ಪಂಕ್ಚರೂ ಕಡಿಮೆ” ಎಂದಿದ್ದರು. ನಾನು ಅದನ್ನು ವೇದವಾಕ್ಯದಂತೆ ಪಾಲಿಸಿದೆ. 28 ಮಿಲಿಮೀಟರ್ ಅಗಲದ ಟೈರಿಗೆ 6 ಬಾರ್ ಗಾಳಿಯ ಒತ್ತಡ, ಅಂದರೆ ಸುಮಾರು 87 ಪಿಎಸ್‌ಐ. ಸಮ ರಸ್ತೆಯಲ್ಲಿ ಅದು ನಡೆಯುತ್ತದೆ. ಆದರೆ ಬೇರಿನ ಮೇಲೆ, ಕಲ್ಲಿನ ಮೇಲೆ ಗಟ್ಟಿ ಟೈರು ಬಗ್ಗುವುದಿಲ್ಲ. ಅದು ಬಗ್ಗದಿದ್ದರೆ ಇಡೀ ಸೈಕಲ್ಲು ಮೇಲಕ್ಕೆ ನೆಗೆಯಬೇಕು, ಅದರ ಜೊತೆ ನಿಮ್ಮ ಮೈಯೂ ನೆಗೆಯಬೇಕು. ಹಾಗೆ ಎತ್ತುವ ಶಕ್ತಿ ಬರುವುದು ನಿಮ್ಮ ಕಾಲಿನಿಂದ. ಆದ್ದರಿಂದ ಜಲ್ಲಿಯಲ್ಲಿ ಗಟ್ಟಿ ಟೈರು ವೇಗದ್ದೂ ಅಲ್ಲ. ಬಿದ್ದ ಪ್ರತಿ ಪೆಟ್ಟು ಹ್ಯಾಂಡಲ್ ಹಿಡಿದ ಅಂಗೈಯ ಬುಡಕ್ಕೆ ಬಂದು ನಿಲ್ಲುತ್ತದೆ. ಅಲ್ಲೇ, ಮಣಿಕಟ್ಟಿನ ಕಿರುಬೆರಳ ಕಡೆಯ ಅಂಚಿನಲ್ಲಿ, ಉಂಗುರ ಬೆರಳಿಗೂ ಕಿರುಬೆರಳಿಗೂ ಹೋಗುವ ಅಲ್ನರ್ ನರ ಹಾದುಹೋಗುತ್ತದೆ.

ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ: ಸಮತಟ್ಟು ದಾರಿ ಕೈಗೆ ಒಳ್ಳೆಯದಲ್ಲ. ಏರಿನಲ್ಲಿ ಎದ್ದು ತುಳಿಯುತ್ತೀರಿ, ಇಳಿಜಾರಿನಲ್ಲಿ ಮೈ ಹಗುರ ಮಾಡುತ್ತೀರಿ, ಹಿಡಿತ ತಾನಾಗಿ ಬದಲಾಗುತ್ತದೆ. ಕಾಲುವೆ ದಂಡೆಯಲ್ಲಿ ಏರೂ ಇಲ್ಲ, ಇಳಿಜಾರೂ ಇಲ್ಲ. ಆರು ಗಂಟೆ ಒಂದೇ ಭಂಗಿ, ಒಂದೇ ಜಾಗದ ಮೇಲೆ ಭಾರ.

ಎಚ್ಚರಿಕೆ ಸಿಗಲಿಲ್ಲ ಎಂದು ಹೇಳುವಂತಿಲ್ಲ. ಕಾಸ್ಟೆಲ್ನೊದಾರಿಯಲ್ಲಿ ಉಳಿದಿದ್ದ ಮನೆಯ ಯಜಮಾನರು, ಎಪ್ಪತ್ತು ದಾಟಿದವರು, ಬೆಳಿಗ್ಗೆ ನಾನು ಅವರ ಪಂಪಿನಿಂದಲೇ ಮತ್ತೆ 6 ಬಾರ್ ತುಂಬುತ್ತಿದ್ದಾಗ ಬಂದು ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿದರು. “ಮ್ವಾಂ, ಮ್ವಾಂ” ಎನ್ನುತ್ತಾ ಅಂಗೈಯನ್ನು ನೆಲದ ಕಡೆಗೆ ಆಡಿಸಿದರು. ನಿಧಾನ ಹೋಗು ಎನ್ನುತ್ತಿದ್ದಾರೆಂದು ತಿಳಿದು ನಕ್ಕು ಕೈಮುಗಿದೆ. ಆ ಮಾತಿನ ಅರ್ಥ ‘ಕಡಿಮೆ’ ಎಂದು ತಂಗಿ ಸಂಜೆ ಹೇಳಿದಳು. ಅಷ್ಟರಲ್ಲಿ ಕಾರ್ಕಾಸೊನ್ ತಲುಪಿದ್ದೆವು, ಬೆರಳು ಆಗಲೇ ಮರಗಟ್ಟಿತ್ತು. ಆಗಲಾದರೂ ವಾಲ್ವ್ ಒತ್ತಿ ಗಾಳಿ ಇಳಿಸಲು ಅರ್ಧ ನಿಮಿಷ ಸಾಕಿತ್ತು. ಇಳಿಸಿದರೆ ಪಂಕ್ಚರ್ ಆದೀತೆಂಬ ಭಯಕ್ಕೆ ಹಾಗೆಯೇ ಬಿಟ್ಟೆ.

ಮೂರನೆಯ ದಿನ ಟ್ರೆಬ್ ದಾಟಿ ಓಂಸ್ ಹಳ್ಳಿಯ ಹತ್ತಿರ ಬರುವಷ್ಟರಲ್ಲಿ ಬಲಗೈಯಲ್ಲಿ ಬ್ರೇಕ್ ಹಿಡಿಯಲು ಆಗಲಿಲ್ಲ. ತಂಗಿ ನನಗಿಂತ ಮುಂದೆ ಹೋಗಿ ಮರದ ಕೆಳಗೆ ಕಾಯುತ್ತಿದ್ದಳು. “ಅಕ್ಕಾ, ಸಾಕು, ರೈಲು ಹಿಡಿಯೋಣ” ಎಂದಳು. ದ್ರಾಕ್ಷಿ ತೋಟಗಳ ನಡುವಿನ ಸಣ್ಣ ರಸ್ತೆಗಳಲ್ಲಿ ಲೆಜಿನ್ಯಾಂ ನಿಲ್ದಾಣದ ಕಡೆ ತಿರುಗಿದೆವು. ಆ ಒಂದು ಗಂಟೆಯಲ್ಲಿ ನಮ್ಮನ್ನು ದಾಟಿದ್ದು ಐದೋ ಆರೋ ಕಾರು. ಫ್ರಾನ್ಸಿನ ಕಾನೂನಿನಂತೆ ಊರ ಹೊರಗೆ ಸೈಕಲ್ ದಾಟುವಾಗ ಒಂದೂವರೆ ಮೀಟರ್ ಅಂತರ ಬಿಡಬೇಕು, ಎಲ್ಲರೂ ಬಿಟ್ಟರು. ನುಣುಪು ರಸ್ತೆ, ಎರಡೂ ಬದಿ ಮಾಗಿದ ದ್ರಾಕ್ಷಿ, ಬೆನ್ನಿಗೆ ಗಾಳಿ. ಬೆಂಗಳೂರಿನ ರಸ್ತೆಯ ವಾಹನಗಳ ಭಯವನ್ನು ಅಷ್ಟು ದೂರ ಹೊತ್ತು ತಂದು, ಅದಕ್ಕಾಗಿ ಮೂರು ದಿನ ಬೇರುಗಳ ಮೇಲೆ ಕೈ ಜಜ್ಜಿಸಿಕೊಂಡಿದ್ದೆ ಎಂದು ಅಲ್ಲಿ ತಿಳಿಯಿತು.

ನಾನು ವೀಣೆ ನುಡಿಸುತ್ತೇನೆ, ಕಲಿಸುತ್ತೇನೆ. ಬಲಗೈಯ ಕಿರುಬೆರಳು ತಾಳದ ತಂತಿಯದು. ಆ ವರ್ಷದ ನವರಾತ್ರಿಯಲ್ಲಿ ಕಛೇರಿಗೆ ಒಪ್ಪಿಕೊಂಡಿದ್ದೆ, ಮಾಡಲಾಗಲಿಲ್ಲ. ತಂತಿ ಮುಟ್ಟಿದ್ದೇ ಬೆರಳಿಗೆ ತಿಳಿಯುತ್ತಿರಲಿಲ್ಲ. ಪೂರ್ತಿ ಸರಿಹೋಗಲು ಮೂರು ತಿಂಗಳು ಹಿಡಿಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವಾಹನವಿದೆಯೇ ಇಲ್ಲವೇ ಎಂದು ಕೇಳಬೇಡಿ, ಚಕ್ರದ ಕೆಳಗೆ ಏನಿದೆ ಎಂದು ಕೇಳಿ. ಇಡೀ ಕಾಲುವೆಯನ್ನು ದಂಡೆಯಲ್ಲೇ ಮುಗಿಸುವ ಹಟ ಬೇಡ. ದಂಡೆ ಕೆಟ್ಟಲ್ಲಿ ಪಕ್ಕದ ಹಳ್ಳಿ ರಸ್ತೆಗೆ ಹತ್ತಿ, ಚೆನ್ನಾದಲ್ಲಿ ಇಳಿಯಿರಿ. ಕಾಲುವೆಗೆ ನೀರು ತರುವ ರಿಗೋಲ್ ಎಂಬ ಕಿರುನಾಲೆ ರೆವೆಲ್ ಊರಿನ ಕಡೆಯಿಂದ ನೊರೂಜ್‌ವರೆಗೆ ಸುಮಾರು 40 ಕಿಲೋಮೀಟರ್ ಇದೆ. ಅದರ ಏರಿ ನನಗೆ ನಮ್ಮೂರನ್ನು ನೆನಪಿಸಿತು, ಕಾಲುವೆಗಿಂತ ಅದೇ ನನಗೆ ಇಷ್ಟ.

ನಿಜವಾಗಿ ವಾಹನವಿಲ್ಲದ ಜಲ್ಲಿಯೇ ಬೇಕಾದರೆ ಮಜಾಮೆಯಿಂದ ಬೆದಾರಿಯೊವರೆಗಿನ ಪಾಸ್ಸಾ ಪಯಿಸ್‌ಗೆ ಹೋಗಿ. ಹಳೆಯ ರೈಲು ಹಳಿ ಕಿತ್ತು ಮಾಡಿದ ಸುಮಾರು 80 ಕಿಲೋಮೀಟರ್ ದಾರಿ, ಒತ್ತಿ ಕೂರಿಸಿದ ಸಣ್ಣ ಜಲ್ಲಿ. ರೈಲಿಗಾಗಿ ಕಟ್ಟಿದ್ದರಿಂದ ಏರು ಕಾಲಿಗೆ ಗೊತ್ತಾಗದಷ್ಟು ಸಾವಕಾಶ, ಆದರೂ ಇಳಿಜಾರಿದೆ, ಕೈಗೆ ಬಿಡುವು ಸಿಗುತ್ತದೆ. ಟುಲೂಸಿನಿಂದ ಮಜಾಮೆಗೆ ಪ್ರಾದೇಶಿಕ ರೈಲಿದೆ, ಬೆದಾರಿಯೊದಿಂದ ಬೆಜಿಯೆಗೂ ಇದೆ. ಕುರ್ನಿಯು ಬಳಿಯ ಉದ್ದನೆಯ ಸುರಂಗಕ್ಕೆ ದೀಪವೂ ಬೆಚ್ಚನೆಯ ಅಂಗಿಯೂ ಕೈಗೆ ಸಿಗುವಂತಿರಲಿ. ಒಲಾರ್ಗ್‌ನಲ್ಲಿ ಕಮಾನು ಸೇತುವೆಯ ಹತ್ತಿರ ಒಂದು ಮಧ್ಯಾಹ್ನವಾದರೂ ಕುಳಿತುಕೊಳ್ಳಿ. 2023ರಲ್ಲಿ ನಾನು ಅಲ್ಲಿಗೆ 40 ಮಿಲಿಮೀಟರ್ ಟೈರಿನ ಬಾಡಿಗೆ ಸೈಕಲ್ಲಿನಲ್ಲಿ, 2.5 ಬಾರ್ ಗಾಳಿಯಲ್ಲಿ ಹೋದೆ. ಎರಡು ದಿನ ತುಳಿದ ಮೇಲೂ ಬೆರಳು ಬೆರಳಾಗಿಯೇ ಇತ್ತು. ಆದರೆ ಸೈಕಲ್ಲನ್ನು ಒಣಹುಲ್ಲಿನ ಮೇಲೆ ಮಲಗಿಸಲೇಬೇಡಿ: ನಮ್ಮ ಹೊಲದ ನೆಗ್ಗಿಲು ಮುಳ್ಳು ಅಲ್ಲಿನದೂ ಹೌದು. ಟೈರಿನೊಳಗೆ ಸಣ್ಣ ತೂತನ್ನು ತಾನೇ ಮುಚ್ಚುವ ಸೀಲಂಟ್ ದ್ರವ ಇರಲಿ.

ಟೈರಿನ ಅಗಲ ನಿಮ್ಮ ಕೈಯಲ್ಲಿಲ್ಲದಿದ್ದರೂ ಗಾಳಿ ನಿಮ್ಮ ಕೈಯಲ್ಲಿದೆ. ನಿಮ್ಮ ಮೈತೂಕ, ಸಾಮಾನಿನ ತೂಕ, ಮುಂದಿನ ಚಕ್ರ ಹಿಡಿದಿರುವ ಕವೆಯ (ಫೋರ್ಕಿನ) ನಡುವೆ ಎಷ್ಟು ಮಿಲಿಮೀಟರ್ ಜಾಗವಿದೆ ಎಂಬ ಅಳತೆ, ಈ ಮೂರನ್ನು ಇಲ್ಲಿ ಬರೆಯಿರಿ. ಎಷ್ಟಕ್ಕೆ ಇಳಿಸಬೇಕೆಂದು ನಾನು ಹೇಳುತ್ತೇನೆ.