ಸ್ಟ್ರಾ ಹಾಳಾಗುವುದು ಹುಡುಕಾಟದಲ್ಲಿ

ಪ್ರಶ್ನೆ: ಹಸುಗಳ ಕೃತಕ ಗರ್ಭಧಾರಣೆಗೆಂದು ನಮ್ಮ ಡೈರಿ ಫಾರ್ಮ್‌ನಲ್ಲೇ ದ್ರವ ನೈಟ್ರೋಜನ್ ತುಂಬಿದ ಕಂಟೇನರ್ ಇಟ್ಟುಕೊಂಡಿದ್ದೇವೆ. ಎಲ್ಲವೂ ಒಂದೇ ಹೋರಿಯ, ಒಂದೇ ಸಲ ತಂದ ವೀರ್ಯದ ಸ್ಟ್ರಾಗಳು (ಹೆಪ್ಪುಗಟ್ಟಿಸಿದ ವೀರ್ಯ ತುಂಬಿದ ತೆಳು ಕೊಳವೆಗಳು). ಮೊದಮೊದಲು ಚೆನ್ನಾಗಿ ಗಬ್ಬ ನಿಲ್ಲುತ್ತಿತ್ತು. ಈಗ ಹಸುಗಳು ಮತ್ತೆ ಮತ್ತೆ ಬೆದೆಗೆ ಬರುತ್ತಿವೆ. ವೀರ್ಯದ ಗುಣಮಟ್ಟ ಹೆಚ್ಚಿಸಲು ಏನಾದರೂ ಬೆರೆಸಬಹುದೇ?

ಉತ್ತರ: ಬೆರೆಸುವ ಕಾಲ ಮುಗಿದುಹೋಗಿದೆ. ಹೋರಿಯ ಆರೋಗ್ಯ, ಸಂಗ್ರಹದ ಶುಚಿ, ಮೊಟ್ಟೆಯ ಹಳದಿ ಮತ್ತು ಗ್ಲಿಸರಾಲ್ ಸೇರಿಸಿದ ದ್ರಾವಣ, ಇದೆಲ್ಲ ಹೆಪ್ಪುಗಟ್ಟಿಸುವ ಮೊದಲಿನ ಮಾತು. ಎಷ್ಟೇ ಜೋಪಾನ ಮಾಡಿದರೂ ಆ ಹಂತದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವೀರ್ಯಾಣುಗಳು ಸಾಯುತ್ತವೆ. ಉಳಿದದ್ದನ್ನು ಕಾಪಾಡುವುದಷ್ಟೇ ನಿಮ್ಮ ಪಾಲಿನ ಕೆಲಸ.

ಮೊದಲು ಚೆನ್ನಾಗಿದ್ದು ಈಗ ಕೈಕೊಡುತ್ತಿದೆ ಅಂದರೆ ನನ್ನ ಅನುಮಾನ ಕಂಟೇನರ್ ಮೇಲೆ, ಅದಕ್ಕಿಂತ ಜಾಸ್ತಿ ಅದರೊಳಗೆ ಕೈ ಹಾಕುವವರ ಮೇಲೆ. ದ್ರವ ನೈಟ್ರೋಜನ್ ಇರುವುದು ಮೈನಸ್ 196 ಡಿಗ್ರಿಯಲ್ಲಿ. ಬೇಕಾದ ಸ್ಟ್ರಾ ಹುಡುಕಲು ಕ್ಯಾನಿಸ್ಟರ್ ಅನ್ನು, ಅಂದರೆ ಸ್ಟ್ರಾಗಳನ್ನು ಇಟ್ಟಿರುವ ಉದ್ದ ಹಿಡಿಯ ಡಬ್ಬಿಯನ್ನು, ಕಂಟೇನರ್‌ನ ಬಾಯಿಯವರೆಗೂ ಎತ್ತಿ ಹಿಡಿದರೆ ಕಾಲು ಮಿಲಿಲೀಟರ್‌ನ ಆ ತೆಳು ಸ್ಟ್ರಾ ಕ್ಷಣದಲ್ಲಿ ಬಿಸಿಯಾಗತೊಡಗುತ್ತದೆ. ಮೈನಸ್ 130 ದಾಟಿತೋ, ಒಳಗಿನ ಸಣ್ಣ ಹಿಮದ ಹರಳುಗಳು ದೊಡ್ಡದಾಗಿ ವೀರ್ಯಾಣುವಿನ ಪೊರೆಯನ್ನು ಹರಿಯುತ್ತವೆ. ತಿರುಗಿ ಮುಳುಗಿಸಿದರೆ ಆ ಗಾಯ ಮಾಯುವುದಿಲ್ಲ. ನೋಡಲು ಸ್ಟ್ರಾ ಮೊದಲಿನ ಹಾಗೇ ಇರುತ್ತದೆ, ಅದೇ ತೊಂದರೆ. ಒಂದು ಸ್ಟ್ರಾಗಾಗಿ ಎತ್ತಿದಾಗಲೆಲ್ಲ ಪಕ್ಕದವೂ ಸ್ವಲ್ಪ ಸ್ವಲ್ಪ ಸಾಯುತ್ತವೆ.

ಹಾಗಾಗಿ ಯಾವ ಕ್ಯಾನಿಸ್ಟರ್‌ನಲ್ಲಿ ಯಾವ ಸ್ಟ್ರಾ ಇದೆ ಎಂದು ಬರೆದು ಹೊರಗೆ ಅಂಟಿಸಿ. ಕ್ಯಾನಿಸ್ಟರ್ ಅನ್ನು ಕಂಟೇನರ್‌ನ ಕುತ್ತಿಗೆಯ ಕೆಳಭಾಗದಲ್ಲೇ ಹಿಡಿದು ಇಕ್ಕುಳದಿಂದ ತೆಗೆಯಿರಿ. ಎಂಟು ಸೆಕೆಂಡಿನೊಳಗೆ ಸಿಗದಿದ್ದರೆ ಕೆಳಗಿಳಿಸಿ, ಪೂರ್ತಿ ತಣಿದ ಮೇಲೆ ಮತ್ತೆ ನೋಡಿ. ನೈಟ್ರೋಜನ್ ಮಟ್ಟವನ್ನು ಅಳತೆ ಕೋಲಿನಿಂದಲೇ ನೋಡಬೇಕು, ಅಂದಾಜು ಬೇಡ. ಕಂಟೇನರ್‌ನ ಹೊರಮೈ ಬೆವರಿದರೆ ಅಥವಾ ಹಿಮ ಕಟ್ಟಿದರೆ ತಂಪು ಕಾಯುವ ಅದರ ಎರಡು ಗೋಡೆಗಳ ನಡುವಿನ ನಿರ್ವಾತ ಹೋಗಿದೆ ಎಂದರ್ಥ. ಅವತ್ತೇ ಸ್ಟ್ರಾಗಳನ್ನು ಬೇರೆಡೆಗೆ ಸಾಗಿಸಿ.

ಅನುಮಾನ ಬಗೆಹರಿಸಲು ಸೂಕ್ಷ್ಮದರ್ಶಕ ಬೇಕು. ಕ್ಯಾನಿಸ್ಟರ್‌ನಲ್ಲಿ ಎರಡು ಸಾಲಿದ್ದರೆ ಮೇಲಿನದೊಂದು, ಕೆಳಗಿನದೊಂದು ಕರಗಿಸಿ ನೋಡಿಸಿ. ನೈಟ್ರೋಜನ್ ಇಳಿದಾಗ ಮೊದಲು ಏಟು ತಿನ್ನುವುದು ಮೇಲಿನ ಸಾಲು. ಗಾಜಿನ ಸ್ಲೈಡ್ ಬೆಚ್ಚಗಿರಲಿ. ತಣ್ಣನೆ ಗಾಜಿನ ಮೇಲೆ ಒಳ್ಳೆಯ ವೀರ್ಯವೂ ಸತ್ತಂತೆ ಕಾಣುತ್ತದೆ. ನೂರಕ್ಕೆ 40ರಷ್ಟಾದರೂ ವೀರ್ಯಾಣುಗಳು ಮುಂದಕ್ಕೆ ಈಜದಿದ್ದರೆ ನಾನಾದರೆ ಆ ಸ್ಟ್ರಾ ಬಳಸುವುದಿಲ್ಲ.

ಕರಗಿಸುವಾಗ ಅಂಗೈಯಲ್ಲಿ ಉಜ್ಜುವುದು, ಜೇಬಿನಲ್ಲಿ ಇಟ್ಟುಕೊಳ್ಳುವುದು ಬಿಡಿ. 37 ಡಿಗ್ರಿ ನೀರು, 30 ಸೆಕೆಂಡ್, ಥರ್ಮಾಮೀಟರ್ ನೋಡಿಯೇ. ಕತ್ತರಿಸುವ ಮುಂಚೆ ಸ್ಟ್ರಾವನ್ನು ಚೆನ್ನಾಗಿ ಒರೆಸಿ, ಒಂದು ಹನಿ ನೀರು ಒಳಹೋದರೂ ವೀರ್ಯಾಣುಗಳಿಗೆ ಕುತ್ತು. ಗನ್‌ಗೆ (ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸುವ ಉದ್ದ ಕೊಳವೆಗೆ) ಹಾಕಿದ ಮೇಲೆ ಮಾತಾಡುತ್ತಾ ನಿಲ್ಲಬೇಡಿ.

ಸ್ಟ್ರಾಗಳು ಪರೀಕ್ಷೆಯಲ್ಲಿ ಪಾಸಾದರೆ? ಆಗ ತಪ್ಪು ಹೊತ್ತಿನದು ಇರಬಹುದು. ಬೆಳಗ್ಗೆ ಬೆದೆ ಕಂಡ ಹಸುವಿಗೆ ಸಂಜೆ, ಸಂಜೆ ಕಂಡದ್ದಕ್ಕೆ ಮರುದಿನ ಬೆಳಗ್ಗೆ ವೀರ್ಯ ಕೊಡಿಸಿ. ಅಷ್ಟಾದರೂ ನಿಲ್ಲದ ಹಸುವಿನ ಗರ್ಭಕೋಶವನ್ನು ಪಶುವೈದ್ಯರಿಗೆ ತೋರಿಸಿ.